ನಾಲ್ಕು ಮಂಚದ ಆ ಕೋಣೆಯಿಂದಲೇ ಶುರು ಮಾಡಿ

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಮಾನವಶಾಸ್ತ್ರ ತಗೊಂಡಿದ್ದೇನೆ. ನಮ್ಮ ಕ್ಲಾಸಿನಲ್ಲಿ ಇರೋದೇ ಹನ್ನೊಂದು ಜನ. ಪಾಠ ಇಷ್ಟವಾಗುತ್ತದೆ. ಆದರೆ ಕ್ಲಾಸು, ಹಾಸ್ಟೆಲು ಬಿಟ್ಟರೆ ನನ್ನ ಬದುಕಿನಲ್ಲಿ ಬೇರೆ ಏನೂ ಇಲ್ಲ. ಎನ್‌ಎಸ್‌ಎಸ್, ಭಿತ್ತಿಪತ್ರಿಕೆ, ವಿಭಾಗದ ಸಂಘ ಎಲ್ಲದಕ್ಕೂ ಕರೆಯುತ್ತಾರೆ. ಸೇರಿದರೆ ಓದು ಕೆಡುತ್ತದೆ ಅಂತ ಭಯ. ನನ್ನದು ಜಾಸ್ತಿ ಮಾತಾಡುವ ಸ್ವಭಾವವೂ ಅಲ್ಲ. ಅಪ್ಪ ಊರಿಗೆ ಹೋದಾಗಲೆಲ್ಲ 'ಇದನ್ನ ಓದಿ ಮುಂದೇನ್ ಮಾಡ್ತಿ?' ಅಂತ ಕೇಳುತ್ತಾರೆ. ಅವರಿಗೆ ಏನು ಹೇಳಲಿ? ನಾನು ಕಾಲೇಜಿನ ಚಟುವಟಿಕೆಗಳಿಗೆ ಸೇರಲೋ ಬೇಡವೋ?

ಉತ್ತರ:

ನಿಮ್ಮ ಪತ್ರ ಓದುವಾಗ ಒಂದು ಸಾಲಿನ ಮೇಲೆ ಕಣ್ಣು ನಿಂತಿತು. 'ಕ್ಲಾಸು, ಹಾಸ್ಟೆಲು ಬಿಟ್ಟರೆ ಬೇರೆ ಏನೂ ಇಲ್ಲ' ಅಂದಿದ್ದೀರಿ. ಮಾನವಶಾಸ್ತ್ರ ಓದುವವರ ಬಾಯಲ್ಲಿ ಆ ಮಾತು ಬಂದರೆ ನನಗೆ ಒಪ್ಪೋಕೆ ಕಷ್ಟ. ಹಾಸ್ಟೆಲಿನಲ್ಲಿ ಇದ್ದೀರಿ ಅಂದರೆ ನಿಮ್ಮ ಕೈಗೆ ಎಷ್ಟು ದೊಡ್ಡದು ಸಿಕ್ಕಿದೆ ಅನ್ನೋದನ್ನ ಮೊದಲು ಹೇಳುತ್ತೇನೆ. ಸೇರಬೇಕೋ ಬೇಡವೋ ಅನ್ನೋದು ಆಮೇಲೆ.

ನನ್ನ ಹತ್ತಿರ ಓದಿದ ಒಬ್ಬ ಹುಡುಗಿ, ಬೈಲಹೊಂಗಲದ ಕಡೆಯವಳು, ಬಂಧುತ್ವದ ಪಾಠ ತಲೆಗೆ ಹತ್ತುತ್ತಿಲ್ಲ ಅಂತ ಬಂದಿದ್ದಳು. ಪುಸ್ತಕ ಮುಚ್ಚಿಟ್ಟು ಇವತ್ತು ರಾತ್ರಿ ನಿನ್ನ ಕೋಣೆಯವರ ಮನೆತನದ ನಕ್ಷೆ ಬರಿ ಅಂತ ಹೇಳಿ ಕಳಿಸಿದೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಅಡ್ಡಗೆರೆ. ಇಷ್ಟೇ ಗುರುತು, ನೀವೂ ಕಲಿತಿರುತ್ತೀರಿ. ಅವಳ ಕೋಣೆಯಲ್ಲಿ ನಾಲ್ಕು ಮಂಚ. ಇವಳ ಜೊತೆ ಮಂಡ್ಯದ ಒಬ್ಬಳು, ಉಡುಪಿಯ ಒಬ್ಬಳು, ಗದಗಿನ ಒಬ್ಬ ಮುಸ್ಲಿಂ ಹುಡುಗಿ.

'ಅಪ್ಪನ ಅಣ್ಣನ ಮಗ ನಿನಗೆ ಏನಾಗಬೇಕು?' ಅಂತ ಮಂಡ್ಯದವಳನ್ನು ಕೇಳಿದಳು. 'ಅಣ್ಣ.' 'ಅಮ್ಮನ ತಮ್ಮನ ಮಗ?' 'ಮಾವನ ಮಗ. ಅವನನ್ನ ಬೇಕಾದ್ರೆ ಮದುವೆ ಆಗಬಹುದು.' ಬೈಲಹೊಂಗಲದವಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ, ಅವರ ಮನೆಯಲ್ಲೂ ಹಾಗೇ. ಆಗ ಗದಗಿನ ಹುಡುಗಿ ಮಂಚದ ಮೇಲಿಂದ, 'ನಮ್ಮಲ್ಲಿ ದೊಡ್ಡಪ್ಪನ ಮಗನಿಗೂ ಕೊಡ್ತಾರೆ' ಅಂದಳಂತೆ. 'ಅಯ್ಯೋ, ಅವನು ಅಣ್ಣ ಅಲ್ವಾ?' ಅಂತ ಇಬ್ಬರೂ ಒಟ್ಟಿಗೇ ಕೇಳಿದರು. 'ನೀವು ಸೋದರಮಾವನನ್ನೇ ಮದುವೆ ಆಗ್ತೀರಲ್ಲ, ಅದು ಹೇಗೆ?' ಅಂತ ಅವಳು ತಿರುಗಿ ಕೇಳಿದಳು. ಉಡುಪಿಯವಳು ಅಷ್ಟು ಹೊತ್ತು ಸುಮ್ಮನಿದ್ದು, 'ನಮ್ಮ ಬರಿ, ಅಂದ್ರೆ ಕುಲ, ಬರೋದು ಅಮ್ಮನ ಕಡೆಯಿಂದ. ಅಪ್ಪನ ಬರಿ ಬೇರೆ, ನಮ್ಮದು ಬೇರೆ' ಅಂದಳು. ರಾತ್ರಿ ಒಂದು ಗಂಟೆಯವರೆಗೆ ಯಾರೂ ಮಲಗಲಿಲ್ಲ.

ಮರುದಿನ ಆ ಹುಡುಗಿ ನಾಲ್ಕು ನಕ್ಷೆ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಅದೇ ದಿನ ಕ್ಲಾಸಿನಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಬಗ್ಗೆ ಪಾಠ. ಅಮೆರಿಕದ ಈ ವಕೀಲ ಜಗತ್ತಿನ ಬೇರೆ ಬೇರೆ ಭಾಷೆಗಳಿಂದ ಸಂಬಂಧದ ಹೆಸರುಗಳನ್ನು ತರಿಸಿಕೊಂಡು 1871ರಲ್ಲಿ ದೊಡ್ಡದೊಂದು ಗ್ರಂಥ ಪ್ರಕಟಿಸಿದ. ಅಮೆರಿಕದ ಮೂಲನಿವಾಸಿಗಳಾದ ಇರಾಕ್ವಾ ಜನ ಬಂಧುಗಳನ್ನು ವಿಂಗಡಿಸುವ ರೀತಿಗೂ ನಮ್ಮ ದಕ್ಷಿಣದ ರೀತಿಗೂ ಇರುವ ಹೋಲಿಕೆ ಕಂಡು ಬೆರಗಾಗಿದ್ದ. ಅಪ್ಪನ ಅಣ್ಣನ ಮಕ್ಕಳು ಒಡಹುಟ್ಟಿದವರು, ಅಪ್ಪನ ತಂಗಿಯ ಮಕ್ಕಳು ಬೇರೆ ಗುಂಪು. ಪುಸ್ತಕದಲ್ಲಿ ಇದನ್ನು ಸಮಾನಾಂತರ, ಅಡ್ಡ ಅಂತ ಓದುವಾಗ ನಿದ್ದೆ ಬರುತ್ತದೆ. ನಿಮ್ಮ ಕೋಣೆಯಲ್ಲಿ ಗೆಳತಿಯರು ಅದರ ಮೇಲೆ ಜಗಳ ಆಡಿದರೆ ಸಾಯೋ ತನಕ ಮರೆಯೋದಿಲ್ಲ. ನಕ್ಷೆ ಹಾಕಿಸಿ ಕೇಳುವ ಈ ವಿಧಾನವನ್ನು ಬೆಳೆಸಿದ ಡಬ್ಲ್ಯು.ಎಚ್.ಆರ್. ರಿವರ್ಸ್ ಕೂಡ 1901-02ರಲ್ಲಿ ಬಂದು ಕೂತದ್ದು ನಮ್ಮ ಪಕ್ಕದ ನೀಲಗಿರಿಯಲ್ಲೇ, ತೊದವ ಬುಡಕಟ್ಟಿನ ಮಂದುಗಳಲ್ಲಿ, ಅಂದರೆ ಅವರ ಹಟ್ಟಿಗಳಲ್ಲಿ. ಇಷ್ಟು ಹತ್ತಿರದ ವಿದ್ಯೆ ಇದು.

ಈಗ ನಿಮ್ಮ ಪ್ರಶ್ನೆ. ಸೇರಿ. ಯೋಚನೆ ಮಾಡದೆ ಹೇಳುವ ಮಾತಲ್ಲ ಇದು.

ನಮ್ಮ ವಿಷಯದ ಜೀವ ಇರೋದು ಫೀಲ್ಡ್‌ವರ್ಕ್‌ನಲ್ಲಿ. ಮಾನವಶಾಸ್ತ್ರಜ್ಞ ಮ್ಯಾಲಿನೋವ್‌ಸ್ಕಿ 1915ರಿಂದ 1918ರ ನಡುವೆ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ಗುಡಿಸಲ ನಡುವೆ ಡೇರೆ ಹಾಕಿಕೊಂಡು, ಅವರ ಭಾಷೆ ಕಲಿತು ಬದುಕಿದರು. ಅಲ್ಲಿಂದ ಮುಂದೆ ಅದೇ ನಮ್ಮ ದಾರಿಯಾಯಿತು. ಸಿಲಬಸ್‌ನಲ್ಲಿ ಅದಕ್ಕೆ ಸಹಭಾಗಿ ಅವಲೋಕನ ಅಂತಾರೆ. ಜನರ ಜೊತೆ ಕೆಲಸದಲ್ಲಿ ಕೈಜೋಡಿಸಬೇಕು, ಕಣ್ಣು ತೆರೆದಿಟ್ಟುಕೊಳ್ಳಬೇಕು, ಸಂಜೆ ಕೂತು ಬರೆಯಬೇಕು. ಬೇರೆ ವಿಷಯ ಓದುವವರಿಗೆ ಕಾಲೇಜಿನ ಚಟುವಟಿಕೆ ಓದಿನ ಹೊರಗಿನದು. ನಿಮಗೆ ಅದು ಅಭ್ಯಾಸದ ಮೈದಾನ. ಸಂಗೀತ ಕಲಿಯುವವರು ರಿಯಾಜ್ ಮಾಡಿದರೆ ಓದು ಕೆಡುತ್ತದೆ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಮೊದಲ ಆಯ್ಕೆ ಎನ್‌ಎಸ್‌ಎಸ್ ಆಗಲಿ. 1969ರ ಸೆಪ್ಟೆಂಬರ್ 24ರಂದು ಶುರುವಾದ ಯೋಜನೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಆ ಏಳು ದಿನಕ್ಕಾಗಿಯೇ ಸೇರಿ ಅಂತ ಹೇಳುತ್ತೇನೆ. ಒಂದು ಹಳ್ಳಿಯ ಶಾಲೆಯಲ್ಲಿ ಮಲಗಿ, ಅಲ್ಲಿಯ ನೀರು ಕುಡಿದು, ಏಳು ಬೆಳಗು ನೋಡುವ ಅವಕಾಶ ನಿಮ್ಮ ವಯಸ್ಸಿನಲ್ಲಿ ಇನ್ನೆಲ್ಲಿ ಸಿಗುತ್ತದೆ?

ನನ್ನ ಮೊದಲ ಶಿಬಿರದಲ್ಲಿ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ನೀವು ಮಾಡಬೇಡಿ. ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನಾವಳಿ. ಒಂದು ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಹೋಗಿ ನಿಂತವನೇ ಮನೆಯಲ್ಲಿ ಎಷ್ಟು ಜನ, ವರ್ಷದ ಆದಾಯ ಎಷ್ಟು ಅಂತ ಕೇಳಿದೆ. ಅವರು ಮೊರ ಕೆಳಗಿಟ್ಟು, 'ಯಾಕ್ರಿ, ರೇಷನ್ ಕಾರ್ಡ್ ತೆಗೀತೀರೇನು?' ಅಂದರು. ಅಷ್ಟೇ. ಓಣಿಯಲ್ಲಿ ಮಾತು ಹರಡಿತು. ಆ ದಿನ ಇನ್ಯಾವ ಮನೆಯಲ್ಲೂ ನನಗೆ ಉತ್ತರ ಸಿಗಲಿಲ್ಲ. ಕಾಗದ ಹಿಡಿದು ಬಂದವರಿಂದ ಆ ಓಣಿಗೆ ಹಿಂದೆ ಏನೋ ನಷ್ಟ ಆಗಿತ್ತು. ಅದನ್ನ ತಿಳಿಯದೆ ನಾನು ನೇರವಾಗಿ ಅವರ ಭಯದ ಮೇಲೇ ಕೈ ಇಟ್ಟಿದ್ದೆ. ಮರುದಿನ ಬರಿಗೈಯಲ್ಲಿ ಹೋಗಿ ಅಜ್ಜಿಯ ಪಕ್ಕ ಕೂತು ಜೋಳದ ಕಲ್ಲು ಆರಿಸಿದೆ. ಏನೂ ಕೇಳಲಿಲ್ಲ. ಮೂರನೇ ದಿನ ಅವರೇ ಮಾತು ತೆಗೆದರು. ಮಳೆ ತಪ್ಪಿದ ವರ್ಷ, ಗೋವಾಕ್ಕೆ ದುಡಿಯಲು ಹೋದ ಮಗ, ಸೊಸೆಯ ಬಾಣಂತನಕ್ಕೆ ಮಾಡಿದ ಸಾಲ. ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೆಲ್ಲ ಜಾಗವೇ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಮಾತು ಕಡಿಮೆ ಅನ್ನೋದು ನಿಮ್ಮ ಕೊರತೆಯಲ್ಲ. ಇಷ್ಟು ವರ್ಷದ ಪಾಠದಲ್ಲಿ ನಾನು ಕಂಡ ಒಳ್ಳೆಯ ಫೀಲ್ಡ್‌ವರ್ಕರ್‌ಗಳಲ್ಲಿ ಹೆಚ್ಚಿನವರು ಮೆಲ್ಲಗಿನವರೇ. ಕೇಳಿಸಿಕೊಳ್ಳುವವರ ಹತ್ತಿರ ಜನ ತಾವಾಗಿ ಬಂದು ಕೂರುತ್ತಾರೆ.

ಬರೆಯುವುದನ್ನು ಮಾತ್ರ ಬಿಡಬೇಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ, ದಿನಕ್ಕೆ ಇಪ್ಪತ್ತು ನಿಮಿಷ. ಹೇಗೆ ಬರೆಯಬೇಕು ಅನ್ನೋದಕ್ಕೆ ಒಂದೇ ಘಟನೆಯನ್ನು ಎರಡು ರೀತಿ ತೋರಿಸುತ್ತೇನೆ. ಶುರುವಿನಲ್ಲಿ ಎಲ್ಲರೂ ಹೀಗೆ ಬರೆಯುತ್ತಾರೆ: 'ಇವತ್ತು ಮೆಸ್‌ನಲ್ಲಿ ಗಲಾಟೆ ಆಯಿತು. ಊಟ ಸರಿ ಇರಲಿಲ್ಲ. ಎಲ್ಲರೂ ಸಿಟ್ಟಾಗಿದ್ದರು.' ಇದನ್ನು ಆರು ತಿಂಗಳ ನಂತರ ಓದಿದರೆ ಕೈಗೆ ಏನೂ ಸಿಗೋದಿಲ್ಲ. ಅವರೇ ಮೂರು ತಿಂಗಳು ಕಳೆದ ಮೇಲೆ ಹೀಗೆ ಬರೆಯುತ್ತಾರೆ:

'ರಾತ್ರಿ 8.10. ರೊಟ್ಟಿ ಬುಟ್ಟಿ ಖಾಲಿ. ಸಾಲಿನಲ್ಲಿ ಇನ್ನೂ 14 ಜನ. ಮೂವರು ಅನ್ನ ಹಾಕಿಸಿಕೊಂಡು ಸುಮ್ನೆ ಹೋದರು, ಮೂವರೂ ಮೈಸೂರಿನ ಕಡೆಯವರು. ಒಬ್ಬಳು ತಟ್ಟೆ ಬಡಿದಳು. ರೊಟ್ಟಿ ಮಾಡುವ ಅಕ್ಕ ಒಳಗಿಂದ, ಮುಂಜಾನಿಯಿಂದ ಬಡ್ಯಾಕತ್ತೀನಿ, ಇವು ಕೈ ಅದಾವೋ ಕಟ್ಟಿಗಿ ಅದಾವೋ ಅಂದರು. ತಟ್ಟೆ ಬಡಿದವಳು ಸಾರಿ ಅಕ್ಕ ಅಂದಳು. ವಾರ್ಡನ್ ಬಂದದ್ದು 8.25ಕ್ಕೆ.'

ಇದರಲ್ಲಿ ಊರೂರಿನ ಊಟದ ರೂಢಿ ಇದೆ, ಹೆಣ್ಣುಮಕ್ಕಳ ದುಡಿಮೆ ಇದೆ, ಯಾರು ಯಾರಿಗೆ ತಗ್ಗುತ್ತಾರೆ ಅನ್ನೋದಿದೆ. ಯಾರು ಏನಂದರು ಅನ್ನೋದನ್ನ ಅವರ ಮಾತಿನಲ್ಲೇ ಬರೆಯಿರಿ. ನಿಮ್ಮ ಅಭಿಪ್ರಾಯ ಎಡಗಡೆಯ ಪುಟದಲ್ಲಿ ಬೇರೆ ಇರಲಿ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ವಿಷಯ ನಿಮಗೆ ಪಾಠದಲ್ಲಿ ಬಂದಿರುತ್ತದೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೊಂಬಾಯಿಯಲ್ಲಿ ಎಂ.ಎ. ಮಾಡುವಾಗಲೇ ತಮ್ಮದೇ ಸೀಮೆಯ ಮದುವೆ ಮತ್ತು ಕುಟುಂಬದ ಮೇಲೆ ಪ್ರಬಂಧ ಬರೆದರು. ಅದು 1942ರಲ್ಲಿ ಪುಸ್ತಕವಾಯಿತು. ಆಗ ಅವರಿಗೆ ಇಪ್ಪತ್ತೈದು ವರ್ಷದ ಆಸುಪಾಸು. ಮುಂದೆ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಟಿಪ್ಪಣಿ ಮಾಡಿದರು. ಹಳ್ಳಿಗೆ ರಾಂಪುರ ಅಂತ ಬೇರೆ ಹೆಸರು ಕೊಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೂತು ಬರೆಯುತ್ತಿದ್ದ ಕೇಂದ್ರಕ್ಕೆ ಬೆಂಕಿ ಬಿತ್ತು. ಹದಿನೆಂಟು ವರ್ಷ ಜೋಡಿಸಿ ಸಿದ್ಧ ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಸೋಲ್ ಟ್ಯಾಕ್ಸ್ ಎಂಬ ಹಿರಿಯ ಮಾನವಶಾಸ್ತ್ರಜ್ಞರು, ನೆನಪಿನಿಂದಲೇ ಬರೆಯಿರಿ ಅಂದರು. ಶ್ರೀನಿವಾಸ್ ಬರೆದರು. ಆ ಪುಸ್ತಕ 1976ರಲ್ಲಿ ಬಂತು. ಒಂದು ಹಳ್ಳಿಯನ್ನು ಅಷ್ಟು ಹತ್ತಿರದಿಂದ ನೋಡಿ, ಒಮ್ಮೆ ಕೈಯಾರೆ ಬರೆದು, ಮತ್ತೆ ಮತ್ತೆ ತಿದ್ದಿದವರಿಗೆ ಮಾತ್ರ ಅದು ಸಾಧ್ಯ ಅಂತ ನನ್ನ ನಂಬಿಕೆ. (ನೀವು ಮಾತ್ರ ನೋಟ್‌ಬುಕ್‌ನ ಫೋಟೋ ತೆಗೆದು ಇಟ್ಟುಕೊಳ್ಳಿ. ಈಗ ಅದು ಸುಲಭ.)

ಶ್ರೀನಿವಾಸ್ ಹಳ್ಳಿಯ ಹೆಸರು ಬದಲಿಸಿದ್ದನ್ನು ಗಮನಿಸಿದಿರಾ? ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಹಾಸ್ಟೆಲಿನ ಗೆಳತಿಯರು ನಿಮ್ಮನ್ನು ನಂಬಿ ಮನೆಯ ಮಾತು ಹೇಳುತ್ತಾರೆ. ಜಾತಿಯ ಕಾರಣಕ್ಕೆ ಆದ ನೋವು, ಮನೆಯಲ್ಲಿ ಒಪ್ಪದ ಮದುವೆ, ಅಪ್ಪನ ಕುಡಿತ. ಅದನ್ನು ಪ್ರಾಜೆಕ್ಟಿಗೆ ಸಿಕ್ಕ ಸರಕು ಅಂದುಕೊಂಡ ದಿನ ನೀವು ಗೆಳತಿಯಾಗಿ ಉಳಿಯೋದಿಲ್ಲ. ಒಬ್ಬ ವಿದ್ಯಾರ್ಥಿಯ ನೋಟ್‌ಬುಕ್ ಕೋಣೆಯವರ ಕೈಗೆ ಸಿಕ್ಕಿ, ಹೆಸರು ಸಮೇತ ಬರೆದದ್ದನ್ನು ಅವರೇ ಓದಿ, ಒಂದು ವರ್ಷ ಯಾರೂ ಅವನ ಜೊತೆ ಊಟಕ್ಕೆ ಕೂರಲಿಲ್ಲ. ಅವನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ದರಿಂದ ಕೇಳಿ ಬರೆಯಿರಿ. 'ಇದನ್ನ ನನ್ನ ಪ್ರಾಜೆಕ್ಟಿಗೆ ಬರೆದುಕೊಳ್ಳಲಾ?' ಅನ್ನೋ ಒಂದು ಮಾತು ಸಾಕು. ಬೇಡ ಅಂದರೆ ಬೇಡ. ಹೆಸರು, ಊರು ಬದಲಿಸಿ. ಬರೆದದ್ದನ್ನು ಅವರಿಗೇ ಓದಿ ಹೇಳಿ.

ಎರಡನೆಯದಾಗಿ ವಿಭಾಗದ ಸಂಘಕ್ಕೆ ಸೇರಿ. ಹನ್ನೊಂದೇ ಜನ ಅಂತ ಬೇಜಾರು ಮಾಡಿಕೊಂಡಿದ್ದೀರಿ, ಆದರೆ ಹನ್ನೊಂದು ಜನರಿಂದ ಎಷ್ಟು ಕೆಲಸ ಆಗುತ್ತದೆ ಗೊತ್ತಾ? ಫೆಬ್ರವರಿಯ ಮೂರನೇ ಗುರುವಾರ ಬೇರೆ ಬೇರೆ ದೇಶಗಳಲ್ಲಿ ಮಾನವಶಾಸ್ತ್ರ ದಿನ ಆಚರಿಸುತ್ತಾರೆ. ಆ ದಿನ ಕಾರಿಡಾರಿನಲ್ಲಿ ಎರಡು ಮೇಜು ಹಾಕಿ. ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ವಸ್ತು ತರಲಿ. ಸೇರು, ಕೌದಿ, ಕೂರಿಗೆಯ ಬಟ್ಟಲು, ಅಜ್ಜನ ಅಡಕೆ ಚೀಲ, ಏನಾದರೂ ಸರಿ. ಪಕ್ಕದಲ್ಲಿ ನಾಲ್ಕು ಸಾಲಿನ ಚೀಟಿ ಇಡಿ. ಯಾರು ಮಾಡಿದ್ದು, ಯಾರು ಬಳಸುತ್ತಿದ್ದರು, ಬಳಕೆ ಯಾವಾಗ ನಿಂತಿತು, ಯಾಕೆ ನಿಂತಿತು. ಆ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಅದೇ ಒಂದು ಪ್ರಾಜೆಕ್ಟ್. ಇನ್ನೊಂದು ಮೇಜಿನಲ್ಲಿ ಸ್ಟ್ಯಾಂಪ್ ಪ್ಯಾಡ್, ಬಿಳಿ ಹಾಳೆ, ಭೂತಗನ್ನಡಿ. ಬೆರಳ ತುದಿಯಲ್ಲಿ ನಮ್ಮವರು ಶಂಖ, ಚಕ್ರ ಅಂತ ನೋಡುತ್ತಾರಲ್ಲ, ಅದನ್ನೇ ನಿಮ್ಮ ಪ್ರಾಕ್ಟಿಕಲ್‌ನಲ್ಲಿ ಬೇರೆ ಹೆಸರಿನಿಂದ ಕಲಿಸುತ್ತಾರೆ. ಸಾಲು ನಿಲ್ಲುತ್ತದೆ ನೋಡಿ. ಹಾಳೆಗಳನ್ನು ಅವರವರಿಗೇ ವಾಪಸ್ ಕೊಟ್ಟುಬಿಡಿ. ಬೆರಳ ಗುರುತು ಅವರ ಸ್ವಂತದ್ದು.

ಹಾಗೇ ಎಥ್ನಿಕ್ ಡೇ. ಸೀರೆ ಉಟ್ಟು, ಪಂಚೆ ಉಟ್ಟು ಬರೋದು ಚಂದ. ಆದರೆ ಕೆಲವರು ಮೈಗೆ ಕಪ್ಪು ಬಳಿದುಕೊಂಡು, ಸೊಪ್ಪು ಕಟ್ಟಿಕೊಂಡು 'ಕಾಡುಜನ' ಅಂತ ಕುಣಿಯುತ್ತಾರೆ. ಅದನ್ನು ನೋಡಿ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಕರಾವಳಿಯಲ್ಲಿ ಕೊರಗ ಬುಡಕಟ್ಟಿನವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಿಲ್ಲಿಸಲು 2000ದಲ್ಲಿ ಕಾನೂನೇ ತರಬೇಕಾಯಿತು. ಅಂಥ ನಾಡಿನಲ್ಲಿ ಇದು ಬರೀ ತಮಾಷೆ ಆಗೋದಿಲ್ಲ. ನಿಮ್ಮಿಂದ ಕೆಲವೇ ತಾಸಿನ ದಾರಿ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿಗಳಿದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಷ್ಟೇ. ಅವರ ಮಕ್ಕಳು ನಿಮ್ಮದೇ ಕ್ಯಾಂಪಸ್ಸಿನಲ್ಲಿ ಓದುತ್ತಿರಬಹುದು. ಆ ವೇಷ ಅವರ ಕಣ್ಣಿಗೆ ಹೇಗೆ ಕಾಣುತ್ತದೆ? ಭಿತ್ತಿಪತ್ರಿಕೆಗೆ ನೀವು ಬರೆಯುವ ಮೊದಲ ಬರಹ ಇದೇ ಆಗಲಿ ಅನ್ನೋದು ನನ್ನ ಆಸೆ. ಬೈಯುವ ಧಾಟಿ ಬೇಡ. ಗೊತ್ತಿರೋದನ್ನ ಮೆಲ್ಲಗೆ ತಿಳಿಸಿ ಹೇಳಿ. ವೇದಿಕೆಯಲ್ಲಿ ಮಾತಾಡಲು ಭಯವಾಗುವವರಿಗೆ ಭಿತ್ತಿಪತ್ರಿಕೆಯಷ್ಟು ಒಳ್ಳೆಯ ಜಾಗ ಇಲ್ಲ.

ಇಷ್ಟೇ ಸಾಕು. ಎನ್‌ಎಸ್‌ಎಸ್ ಒಂದು, ಸಂಘ ಒಂದು, ಆಗಾಗ ಒಂದು ಬರಹ. ನಾಲ್ಕೈದಕ್ಕೆ ಹೆಸರು ಕೊಟ್ಟು ಯಾವುದಕ್ಕೂ ಹೋಗದೆ ಇರೋದು ಬೇಡ. ಹಾಜರಿ ಶೇಕಡಾ 75ಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳಿ. ಪರೀಕ್ಷೆಯ ತಿಂಗಳು ಎಲ್ಲ ಬದಿಗಿಡಿ.

ಅಪ್ಪನ ಪ್ರಶ್ನೆಗೆ ಬರುತ್ತೇನೆ. ಅವರ ಆತಂಕ ಸರಿಯಾದದ್ದೇ, ಹಗುರಾಗಿ ತಗೋಬೇಡಿ. ಬಿ.ಎ. ಮುಗಿದ ಕೂಡಲೇ ಈ ವಿಷಯದ ಹೆಸರಿನಲ್ಲಿ ಕೆಲಸ ಸಿಗೋದು ಕಷ್ಟ, ಅದನ್ನ ಮುಚ್ಚಿಡಬಾರದು. ಎಂ.ಎ. ಅಥವಾ ಎಂ.ಎಸ್ಸಿ. ಮಾಡಬೇಕಾಗುತ್ತದೆ. ಧಾರವಾಡ, ಮೈಸೂರು ಬಿಟ್ಟರೆ ಹೈದರಾಬಾದ್ ಮತ್ತು ಪುದುಚೇರಿಯ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲೂ ಒಳ್ಳೆಯ ವಿಭಾಗಗಳಿವೆ. ಆಮೇಲೆ ದಾರಿಗಳು ಬಿಚ್ಚಿಕೊಳ್ಳುತ್ತವೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ 1945ರಿಂದ ಇರುವ ಸಂಸ್ಥೆ, ಅದರ ದಕ್ಷಿಣ ವಲಯದ ಕೇಂದ್ರ ಮೈಸೂರಿನಲ್ಲೇ ಇದೆ. ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಮೈಸೂರಿನಲ್ಲಿದೆ. ವಸ್ತುಸಂಗ್ರಹಾಲಯಗಳು, ಆರೋಗ್ಯ ಯೋಜನೆಗಳು, ಗ್ರಾಮೀಣ ಅಭಿವೃದ್ಧಿಯ ಸಂಸ್ಥೆಗಳು ಫೀಲ್ಡ್‌ವರ್ಕ್ ಗೊತ್ತಿರುವವರನ್ನು ತೆಗೆದುಕೊಳ್ಳುತ್ತವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಮಾನವಶಾಸ್ತ್ರ ಐಚ್ಛಿಕ ವಿಷಯವಾಗಿ ಇದೆ. 250 ಅಂಕದ ಎರಡು ಪತ್ರಿಕೆ. ತುಂಬಾ ಜನ ಬಿ.ಎ.ಯಲ್ಲಿ ಬೇರೇನೋ ಓದಿ ಆಮೇಲೆ ಕೋಚಿಂಗ್‌ಗೆ ದುಡ್ಡು ಸುರಿದು ಇದನ್ನು ಕಲಿಯುತ್ತಾರೆ. ನೀವು ಈಗಲೇ ಕಲಿಯುತ್ತಿದ್ದೀರಿ. ರಜೆಯಲ್ಲಿ ನಿಮ್ಮ ಜಿಲ್ಲೆಯಲ್ಲೇ ಇರುವ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಒಮ್ಮೆ ಹೋಗಿ ಬನ್ನಿ.

ಇದನ್ನೆಲ್ಲ ಅಪ್ಪನಿಗೆ ಬಾಯಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುತ್ತದೋ ಇಲ್ಲವೋ. ಮುಂದಿನ ಸಲ ಊರಿಗೆ ಹೋದಾಗ ಒಂದು ದೊಡ್ಡ ಡ್ರಾಯಿಂಗ್ ಹಾಳೆ, ಪೆನ್ಸಿಲು, ರಬ್ಬರ್ ಒಯ್ಯಿರಿ. ರಾತ್ರಿ ಊಟ ಆದ ಮೇಲೆ ಪಡಸಾಲೆಯಲ್ಲಿ ಹಾಸಿ. ಕೆಳಗೆ ನಿಮ್ಮದೊಂದು ವೃತ್ತ ಬರೆದು, ಮೇಲೆ ಅಪ್ಪನದೊಂದು ತ್ರಿಕೋನ ಬರೆಯಿರಿ. 'ಅಪ್ಪಾ, ನಿಮ್ಮ ಮುತ್ತಜ್ಜನ ಹೆಸರೇನು? ಯಾವ ಊರಿಂದ ಬಂದ್ರು ನಾವು?' ಅಂತ ಕೇಳಿ. ಅವರು ಶುರುವಿನಲ್ಲಿ ಕುರ್ಚಿಯ ಮೇಲೆ ಕೂತೇ ಹೇಳುತ್ತಾರೆ. ನೀವು ಎಲ್ಲೋ ಒಂದು ಗೆರೆ ತಪ್ಪಾಗಿ ಎಳೆದೇ ಎಳೆಯುತ್ತೀರಿ. ಆಗ ಅವರು ಕೆಳಗಿಳಿದು, ನಿಮ್ಮ ಕೈಯಿಂದ ಪೆನ್ಸಿಲ್ ತಗೊಂಡು ತಿದ್ದುತ್ತಾರೆ.